ಹಾಡು ರೆಕಾರ್ಡ್ ಮಾಡಿದರೆ ಕೊಡದೊಳಗಿಂದ ಕೇಳಿದ ಹಾಗಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಹೊಸರಾಗ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಲ್ಯಾಪ್‌ಟಾಪ್‌ನಲ್ಲಿ ನನ್ನ ಹಾಡುಗಳನ್ನು ರೆಕಾರ್ಡ್ ಮಾಡಲು ಒದ್ದಾಡುತ್ತಿದ್ದೇನೆ. ದನಿ ಮತ್ತು ಅಕೌಸ್ಟಿಕ್ ಗಿಟಾರ್, ಬೇರೇನೂ ಇಲ್ಲ. ಹಾಡುವಾಗ ಚೆನ್ನಾಗಿ ಬರುತ್ತಿದೆ ಅನ್ನಿಸುತ್ತದೆ. ಆಮೇಲೆ ಕೇಳಿದರೆ ದನಿ ಪಕ್ಕದ ಕೋಣೆಯಿಂದ, ಖಾಲಿ ಕೊಡದೊಳಗಿಂದ ಬಂದ ಹಾಗಿರುತ್ತದೆ. ಹಿಂದೆ ಸದಾ ‘ಸ್ಸ್ಸ್’ ಸದ್ದು. ಅಲ್ಲಲ್ಲಿ ಪಟ್ ಪಟ್ ಅಂತ ಸಿಡಿಯುತ್ತದೆ. ನನಗೆ ಅರ್ಥವೇ ಆಗದ ಇನ್ನೊಂದು ವಿಷಯ: ಉದ್ದಕ್ಕೆ ಸ್ವರ ಹಿಡಿದು ನಿಂತರೆ ಅದು ತಾನಾಗಿ ಕುಗ್ಗುತ್ತದೆ, ಗಿಟಾರಿನ ತಂತಿ ಮೀಟಿದ ಮೇಲೆ ಉಳಿಯಬೇಕಾದ ನಾದ ಅರ್ಧದಲ್ಲೇ ಸಾಯುತ್ತದೆ.

ನನ್ನ ಹತ್ತಿರ ಇರುವುದು ವೇದಿಕೆಯಲ್ಲಿ ಬಳಸುವಂಥ ಡೈನಾಮಿಕ್ ಮೈಕ್. ಒಂದು ತುದಿ ಎಕ್ಸ್‌ಎಲ್‌ಆರ್ (ಮೈಕಿಗೆ ಹಾಕುವ ದುಂಡು, ಮೂರು ಪಿನ್ನಿನ ಕನೆಕ್ಟರ್), ಇನ್ನೊಂದು ತುದಿ 3.5 ಮಿ.ಮೀ. ಪಿನ್ ಇರುವ ಕೇಬಲ್ಲಿನಿಂದ ಲ್ಯಾಪ್‌ಟಾಪ್‌ಗೆ ಚುಚ್ಚಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದೇ ತೂತು. ಸಾಫ್ಟ್‌ವೇರ್ ಆಡಾಸಿಟಿ. ಮೈಕ್ ಬೂಸ್ಟ್ ಪೂರ್ತಿ ಏರಿಸಿದ್ದೇನೆ. ಸ್ಟುಡಿಯೊಗಳಲ್ಲಿ ಬಳಸುವ, ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಕೊಂಡರೆ ಸರಿಹೋಗುತ್ತದಾ? ದುಡ್ಡು ಹೊಂದಿಸಬೇಕು, ಅದಕ್ಕೇ ಮೊದಲು ಕೇಳುತ್ತಿದ್ದೇನೆ.

ಏಳನೇತಂತಿ

ಕೊಳ್ಳಿ, ಯೋಚನೆ ಬೇಡ. ಡೈನಾಮಿಕ್ ಮೈಕಿನಿಂದ ಬರುವ ಸಂಕೇತ ತುಂಬಾ ಸಣ್ಣದು, ಲ್ಯಾಪ್‌ಟಾಪಿನ ತೂತು ಅದಕ್ಕೆ ಸಾಲುವುದಿಲ್ಲ. ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕಿನ ಸಂಕೇತವನ್ನು ಹಿಗ್ಗಿಸಿ, ಡಿಜಿಟಲ್ ಮಾಡಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್. ಕಂಡೆನ್ಸರ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್ಲಿನಲ್ಲೇ ಕಳಿಸುವ ವಿದ್ಯುತ್) ಬೇಕು, ಇಂಟರ್‌ಫೇಸಿನಲ್ಲಿ ಆ ಗುಂಡಿ ಇದೆಯಾ ನೋಡಿಕೊಳ್ಳಿ. ನಾನೂ ಹೀಗೇ ಶುರು ಮಾಡಿದ್ದು.

ಹಳೇಕಿವಿ

ಸ್ವಲ್ಪ ತಾಳಿ ಹೊಸರಾಗ, ಇನ್ನೂ ಏನೂ ಕೊಳ್ಳಬೇಡಿ. ನೀವು ಬರೆದದ್ದರಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ದೋಷಗಳಿವೆ. ದೂರದ ದನಿ ಒಂದು, ಹಿಸ್ ಸದ್ದು ಇನ್ನೊಂದು, ಸಿಡಿತ ಮತ್ತೊಂದು, ಸ್ವರ ಕುಗ್ಗುವುದು ಮಗದೊಂದು. ಬಾಯಿಯಿಂದ ಹೊರಟ ದನಿ ಕೋಣೆ, ಮೈಕ್, ಕೇಬಲ್, ಮುಂಗಡ ಆಂಪ್ಲಿಫೈಯರ್, ಡಿಜಿಟಲ್ ಪರಿವರ್ತನೆ, ಆಪರೇಟಿಂಗ್ ಸಿಸ್ಟಮ್, ಸಾಫ್ಟ್‌ವೇರ್, ಕೊನೆಗೆ ಹೆಡ್‌ಫೋನ್ ಅಂತ ಸಾಗುತ್ತದೆ. ಸರಪಳಿಯ ಯಾವ ಕೊಂಡಿ ಬಿಟ್ಟಿದೆ ಅಂತ ಗೊತ್ತಾಗದೆ ಒಂದನ್ನು ಬದಲಿಸಿದರೆ ಹಣ ಹೋಗುತ್ತದೆ, ದೋಷ ಅಲ್ಲೇ ಇರುತ್ತದೆ.

ಈಗ ಒಂದೇ ಒಂದು ಕೆಲಸ ಮಾಡಿ. ರೆಕಾರ್ಡ್ ಒತ್ತಿ. ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲಂಚು, ಕೀಬೋರ್ಡಿನ ಎರಡೂ ಬದಿ, ಹೀಗೆ ಅಲ್ಲಲ್ಲಿ ಬೆರಳಿನಿಂದ ತಟ್ಟಿ. ಕೇಳಿಸಿಕೊಂಡು ಬಂದು ಹೇಳಿ.

ಹೊಸರಾಗ

ಮಾಡಿದೆ. ಮೈಕ್ ಕೆರೆದದ್ದು ತೀರಾ ದೂರದಲ್ಲಿ ಕೇಳುತ್ತದೆ. ಪರದೆಯ ಮೇಲಂಚು ತಟ್ಟಿದಾಗ ಕಿವಿ ಒಡೆಯುವ ಹಾಗೆ ‘ಧಡ್’ ಅಂತು.

ಅಂದರೆ ಎರಡು ತಿಂಗಳಿಂದ ಲ್ಯಾಪ್‌ಟಾಪಿನ ಒಳಗಿನ ಮೈಕಿಗೇ ಹಾಡುತ್ತಿದ್ದೆನಾ?

ಹಳೇಕಿವಿ

ಹೌದು. ಬೇಸರ ಬೇಡ, ಇದು ತುಂಬಾ ಜನರಿಗೆ ಆಗುತ್ತದೆ. ಇಷ್ಟು ಬೇಗ ಗೊತ್ತಾದದ್ದೇ ಒಳ್ಳೆಯದು.

ಕಾರಣ ಆ ಪಿನ್ನು. ಅದರ ಮೇಲೆ ಕಪ್ಪು ಉಂಗುರ ಎಷ್ಟಿವೆ ಎಣಿಸಿ. ಎರಡಿದ್ದರೆ ಲೋಹದ ಭಾಗ ಮೂರು, ಅದು ಟಿಆರ್‌ಎಸ್. ಮೂರಿದ್ದರೆ ಲೋಹದ ಭಾಗ ನಾಲ್ಕು, ಅದು ಟಿಆರ್‌ಆರ್‌ಎಸ್. ಒಂದೇ ತೂತಿರುವ ಲ್ಯಾಪ್‌ಟಾಪ್ ನಾಲ್ಕನೆಯ ಭಾಗದಲ್ಲಿ ಮೈಕನ್ನು ಹುಡುಕುತ್ತದೆ. ನಿಮ್ಮ ಪಿನ್ನಿನಲ್ಲಿ ಮೂರೇ ಇದ್ದರೆ ‘ಯಾರೋ ಹೆಡ್‌ಫೋನ್ ಚುಚ್ಚಿದ್ದಾರೆ’ ಅಂತ ತಿಳಿದು ತನ್ನ ಒಳಗಿನ ಮೈಕನ್ನೇ ಮುಂದುವರಿಸುತ್ತದೆ. ಏನೋ ತಪ್ಪಾಗಿದೆ ಅನ್ನುವ ಸಂದೇಶವೂ ಬರುವುದಿಲ್ಲ.

ಒಂದು ತೂತನ್ನು ಮೈಕಿಗೂ ಹೆಡ್‌ಫೋನಿಗೂ ಬೇರೆ ಮಾಡುವ ಸ್ಪ್ಲಿಟರ್ ತಂದು ಅದೇ ಕೇಬಲ್ ಚುಚ್ಚೋಣ ಅಂತ ಹೊರಟರೆ ಇನ್ನೊಂದು ತೊಡಕು ಇದೆ. ಎಕ್ಸ್‌ಎಲ್‌ಆರ್ ಕೇಬಲ್ಲಿನ ಎರಡು ತಂತಿಗಳಲ್ಲಿ ಒಂದೇ ದನಿ ಇರುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ಒಂದರಿಂದ ಇನ್ನೊಂದನ್ನು ಕಳೆದಾಗ ದಾರಿಯಲ್ಲಿ ಸೇರಿದ ಗುಂಯ್‌ಗುಡುವಿಕೆ ರದ್ದಾಗಲಿ ಅಂತ ಆ ಏರ್ಪಾಡು. ಆದರೆ ಹಲವು 3.5 ಮಿ.ಮೀ. ಕೇಬಲ್ಲುಗಳಲ್ಲಿ ಈ ಎರಡು ತಂತಿಗಳನ್ನು ಎಡ ಮತ್ತು ಬಲಕ್ಕೆ ಬೆಸೆದಿರುತ್ತಾರೆ. ಸ್ಟೀರಿಯೊ ಮೈಕ್ ತೂತಿಗೆ ಅದನ್ನು ಹಾಕಿ ರೆಕಾರ್ಡ್ ಮಾಡಿದರೆ ಹೆಡ್‌ಫೋನಿನಲ್ಲಿ ದನಿ ವಿಚಿತ್ರವಾಗಿ ತಲೆಯ ಹೊರಗೆ ಕೇಳುತ್ತದೆ. ಫೋನಿನ ಒಂಟಿ ಸ್ಪೀಕರಿನಲ್ಲಿ ಹಾಕಿದರೆ ಎಡ ಬಲ ಕೂಡಿ ದನಿಯೇ ಮಾಯ. ಹಾಡು ಹಂಚಿಕೊಂಡ ಮೇಲೆ ‘ನಿನ್ನ ಧ್ವನಿ ಕೇಳಿಸ್ತಾನೇ ಇಲ್ಲ’ ಅಂದವರನ್ನು ನಾನು ಕಂಡಿದ್ದೇನೆ.

ಹಾಗಾಗಿ ಏಳನೇತಂತಿ ಹೇಳಿದ್ದರಲ್ಲಿ ಅರ್ಧ ನನಗೆ ಒಪ್ಪಿಗೆ. ಇಂಟರ್‌ಫೇಸ್ ಬೇಕು, ಸಾಧ್ಯವಾದರೆ ಯಾರಿಂದಲಾದರೂ ಕಡ ತಂದು ನೋಡಿ. ಹೊಸ ಮೈಕ್ ಬೇಡ. ನಿಮ್ಮ ಮೈಕನ್ನು ನೀವಿನ್ನೂ ಒಮ್ಮೆಯೂ ಕೇಳಿಲ್ಲ.

ಮಂದ್ರಸ್ಥಾಯಿ

ಸ್ವರ ಕುಗ್ಗುವ ಒಗಟಿಗೆ ನನ್ನ ಉತ್ತರ. ಲ್ಯಾಪ್‌ಟಾಪಿನ ಒಳಮೈಕಿಗೆ ಸಾಮಾನ್ಯವಾಗಿ ಗದ್ದಲ ತಗ್ಗಿಸುವ ಸಂಸ್ಕರಣೆ ಸೇರಿಕೊಂಡಿರುತ್ತದೆ. ಅದನ್ನು ಮಾಡಿರುವುದು ಮಾತಿಗಾಗಿ. ಮಾತು ಏರಿಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಫ್ಯಾನಿನ ಸದ್ದು ಒಂದೇ ಸಮನೆ ಇರುತ್ತದೆ. ಹೀಗಾಗಿ ಒಂದೇ ಸಮನೆ ಇರುವುದೆಲ್ಲ ಗದ್ದಲ ಅಂತ ಅದರ ಲೆಕ್ಕ. ನೀವು ನಾಲ್ಕು ಸೆಕೆಂಡು ಹಿಡಿದ ಸ್ವರವೂ ಅದರ ಕಣ್ಣಿಗೆ ಫ್ಯಾನೇ. ಗಿಟಾರಿನ ಉಳಿನಾದವೂ ಅಷ್ಟೇ.

ಇದರ ಜೊತೆಗೆ ತಾನಾಗಿ ಮಟ್ಟ ಏರಿಸಿ ಇಳಿಸುವ ವ್ಯವಸ್ಥೆ ಇದ್ದರೆ ಮೆಲ್ಲಗೆ ಹಾಡಿದ್ದು ಜೋರಾಗುತ್ತದೆ, ಜೋರಾಗಿ ಹಾಡಿದ್ದು ಮೆಲ್ಲಗಾಗುತ್ತದೆ, ಹಾಡಿನ ಭಾವವೇ ಚಪ್ಪಟೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕಿನ ಹೆಸರು ಒತ್ತಿ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಪೂರ್ತಿ ಆಫ್ ಮಾಡಿ. ಲ್ಯಾಪ್‌ಟಾಪ್ ಜೊತೆ ಬಂದ ಧ್ವನಿ ಸಂಬಂಧದ ಬೇರೆ ಆ್ಯಪ್ ಇದ್ದರೆ ಅದರೊಳಗೂ ಇಣುಕಿ, ಒಂದು ಕಡೆ ಆಫ್ ಮಾಡಿದರೂ ಇನ್ನೊಂದು ಕಡೆ ಉಳಿದಿರುತ್ತದೆ.

ಬೆಳಗುಹಾಡು

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನಗೂ ಇಂಥದ್ದೇ ತೊಂದರೆ, ಆದರೆ ನನ್ನದು ಯುಎಸ್‌ಬಿ ಮೈಕ್. ತಟ್ಟಿ ನೋಡಿದೆ, ಸರಿಯಾದ ಮೈಕೇ ಆಯ್ಕೆಯಾಗಿದೆ. ಆದರೂ ವೈರ್‌ಲೆಸ್ ಇಯರ್‌ಫೋನ್ ಹಾಕಿ ಹಾಡಿದಾಗ ಕಿವಿಗೆ ಬರುವ ಸಂಗೀತ ಹಳೆಯ ದೂರವಾಣಿ ಕರೆಯ ಹಾಗೆ. ದನಿಯೂ ತಾಳಕ್ಕಿಂತ ಹಿಂದೆ ಬೀಳುತ್ತದೆ.

ಮಂದ್ರಸ್ಥಾಯಿ

ಬ್ಲೂಟೂತ್ ತೆಗೆದಿಡಿ, ವೈರ್ ಇರುವ ಹೆಡ್‌ಫೋನ್ ಹಾಕಿ. ಬ್ಲೂಟೂತ್ ಇಯರ್‌ಫೋನಿಗೆ ಎರಡು ವೇಷ. ಬರೀ ಕೇಳುವಾಗ ಉತ್ತಮ ಗುಣಮಟ್ಟದ ಸ್ಟೀರಿಯೊ. ಯಾವುದೋ ಪ್ರೋಗ್ರಾಮ್ ಅದರ ಮೈಕನ್ನು ತೆರೆದ ಕ್ಷಣ ಫೋನ್ ಕರೆಯ ವೇಷ, ಅದು ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ದನಿ. ಹಳೆಯ ವಿಧಾನದಲ್ಲಿ ಸೆಕೆಂಡಿಗೆ 8,000 ಮಾದರಿ (ಧ್ವನಿಯನ್ನು ಅಷ್ಟು ಬಾರಿ ಅಳೆದದ್ದು), ಸುಧಾರಿಸಿದ್ದರಲ್ಲಿ 16,000. ಮಾದರಿಯ ಅರ್ಧದಷ್ಟು ಕಂಪನಾಂಕದವರೆಗೆ ಮಾತ್ರ ಧ್ವನಿ ಉಳಿಯುವುದರಿಂದ 4 ಅಥವಾ 8 ಕಿಲೋಹರ್ಟ್ಜ್‌ಗಿಂತ ಮೇಲಿನ ಹೊಳಪೆಲ್ಲ ಕತ್ತರಿಸಿ ಹೋಗುತ್ತದೆ. ಹಿಂದೆ ಬೀಳುವುದು ಬ್ಲೂಟೂತಿನ ವಿಳಂಬ, ಅದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ.

ಬೆಳಗುಹಾಡು

ಸರಿಹೋಯ್ತು! ವೈರ್ ಹಾಕಿದ ಮೇಲೆ ಎರಡೂ ಮಾಯ. ತುಂಬಾ ಧನ್ಯವಾದ.

ಹೊಸರಾಗ (ಒಂಬತ್ತು ದಿನದ ಮೇಲೆ)

ಗೆಳೆಯರೊಬ್ಬರು ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್ ಕೊಟ್ಟಿದ್ದಾರೆ. ಮೊದಲ ಬಾರಿ ನನ್ನ ದನಿ ನನ್ನದೇ ಅನ್ನಿಸಿತು. ಸ್ವರ ಕುಗ್ಗುವುದು ನಿಂತಿದೆ. ಆದರೆ ಉಳಿದದ್ದು ಇನ್ನೂ ಇದೆ, ಒಂದೆರಡು ಹೊಸದು ಸೇರಿದೆ.

ದನಿ ಎಡಗಿವಿಯಲ್ಲಿ ಮಾತ್ರ ಕೇಳುತ್ತದೆ. ಮಟ್ಟ ತೀರಾ ಕಡಿಮೆ, ಗೇನ್ (ಮೈಕಿನ ಮಟ್ಟ ಏರಿಸುವ ಗುಂಡಿ) ಪೂರ್ತಿ ತಿರುಗಿಸಿದರೆ ಹಿಸ್ ಮತ್ತೆ ಬರುತ್ತದೆ. ಗಿಟಾರಿನ ಒಳಗಿರುವ ಪಿಕಪ್ಪನ್ನು (ಅದರ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಎರಡನೇ ಇನ್‌ಪುಟ್‌ಗೆ ಹಾಕಿದರೆ ಒಣ, ತೆಳು ಸದ್ದು, ಜೊತೆಗೆ ‘ಗುಂಯ್’. ಸಿಡಿತ ಹಾಗೇ ಇದೆ. ಕೊಡದ ಸದ್ದು ಕಡಿಮೆಯಾಗಿದೆ, ಹೋಗಿಲ್ಲ.

ಹಳೇಕಿವಿ

ಎಡಗಿವಿಯದ್ದು ದೋಷವೇ ಅಲ್ಲ. ಒಂದನೇ ಇನ್‌ಪುಟ್ ಅಂದರೆ ಎಡ, ಎರಡನೆಯದು ಬಲ. ಸ್ಟೀರಿಯೊ ಟ್ರ್ಯಾಕಿಗೆ ಒಂದೇ ಮೈಕ್ ಹಾಕಿದ್ದೀರಿ. ಮೋನೊ ಟ್ರ್ಯಾಕ್ ಮಾಡಿ.

ಮಟ್ಟದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಬಾಯಿ ಮೈಕಿನಿಂದ ಎಷ್ಟು ದೂರದಲ್ಲಿದೆ? 30 ಸೆಂ.ಮೀ. ಇದ್ದರೆ 15ಕ್ಕೆ ಬನ್ನಿ. ದೂರ ಅರ್ಧವಾದಾಗ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಪ್ರತಿಧ್ವನಿಯೂ ಫ್ಯಾನಿನ ಸದ್ದೂ ಇದ್ದಲ್ಲೇ ಇರುತ್ತವೆ. ಗೇನ್ ಗುಂಡಿ ತಿರುಗಿಸಿದರೆ ದನಿಯೂ ಗದ್ದಲವೂ ಕೂಡಿಯೇ ಏರುತ್ತವೆ, ಹತ್ತಿರ ಬಂದರೆ ದನಿ ಮಾತ್ರ ಏರುತ್ತದೆ. ಈ ವ್ಯತ್ಯಾಸ ಒಮ್ಮೆ ಕಿವಿಗೆ ಹತ್ತಿದರೆ ಮುಂದೆ ನೀವು ಗುಂಡಿಗೆ ಕೈ ಹಾಕುವ ಮೊದಲು ಕುರ್ಚಿ ಎಳೆದುಕೊಳ್ಳುತ್ತೀರಿ. ಕಾರ್ಡಿಯಾಯ್ಡ್ ಮೈಕಿಗೆ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕ್) ತೀರಾ ಹತ್ತಿರವಾದರೆ ತಗ್ಗು ಸ್ವರಗಳು ಉಬ್ಬುತ್ತವೆ, ‘ಪ’ ‘ಬ’ ಅಕ್ಷರಗಳು ಬಡಿಯುತ್ತವೆ. ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಟಿಯ ಮೂಲೆಯತ್ತ ಸ್ವಲ್ಪ ಓರೆಯಾಗಿಸಿ, ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ.

ಇನ್ನು ಗೇನ್. ಹಾಡಿನ ಅತಿ ಜೋರಾದ ಸಾಲನ್ನು ಹಾಡಿ. ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಮುಟ್ಟಲಿ, ಸಾಮಾನ್ಯ ಸಾಲುಗಳು ಮೈನಸ್ 18ರ ಆಸುಪಾಸಿನಲ್ಲಿ ಇರಲಿ. ಅಲೆ ಪರದೆಯಲ್ಲಿ ಸಣ್ಣಗೆ ಕಂಡರೆ ಗಾಬರಿಯಾಗಬೇಡಿ. ಪ್ರತಿ ಮಾದರಿಯನ್ನು 16 ಬಿಟ್‌ನಲ್ಲಿ ಬರೆದರೆ ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ಸದ್ದಿನ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ, 24 ಬಿಟ್‌ನಲ್ಲಿ ಲೆಕ್ಕಕ್ಕೆ 144. 24ರಲ್ಲಿ ರೆಕಾರ್ಡ್ ಮಾಡಿದರೆ ಆಮೇಲೆ ಎಷ್ಟು ಬೇಕೋ ಅಷ್ಟು ಏರಿಸಿಕೊಳ್ಳಬಹುದು. ಮೀಟರಿನ ಸೊನ್ನೆ ದಾಟಿ ತುದಿ ಕತ್ತರಿಸಿಹೋದ ಅಲೆಯನ್ನು ಮಾತ್ರ ಪೂರ್ತಿ ಮರಳಿ ಪಡೆಯಲು ಆಗುವುದಿಲ್ಲ.

ಏಳನೇತಂತಿ

ಗಿಟಾರಿನದು ನನಗೆ ಬಿಡಿ. ಇಂಟರ್‌ಫೇಸಿನಲ್ಲಿ ‘ಇನ್ಸ್ಟ್’ ಅಥವಾ ‘ಹೈ-ಝಡ್’ ಅಂತ ಗುಂಡಿ ಇದೆ ನೋಡಿ. ಅಕೌಸ್ಟಿಕ್ ಗಿಟಾರಿನಲ್ಲಿ ಸಾಮಾನ್ಯವಾಗಿ ಇರುವುದು ಪೀಜೋ ಪಿಕಪ್, ಅದಕ್ಕೆ ಮೆಗಾಓಮ್ ಲೆಕ್ಕದ ಪ್ರತಿರೋಧವಿರುವ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್‌ನ ಹತ್ತಿಪ್ಪತ್ತು ಕಿಲೋಓಮ್‌ಗೆ ಅದನ್ನು ನೇರ ಕಟ್ಟಿದರೆ ತಗ್ಗು ಸ್ವರಗಳೆಲ್ಲ ಸೋರಿಹೋಗಿ ಒಣಗಿದ ಸದ್ದು ಉಳಿಯುತ್ತದೆ. ಗುಂಡಿ ಒತ್ತಿ.

ಗುಂಯ್ ಸದ್ದಿಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹೋದರೆ ಅದು ವಿದ್ಯುತ್ ಮಾರ್ಗದ 50 ಅಥವಾ 60 ಹರ್ಟ್ಜ್ ಮತ್ತು ಅದರ ಮಡಿಗಳು, ಗಿಟಾರ್ ಕೇಬಲ್ ಬ್ಯಾಲೆನ್ಸ್ಡ್ ಅಲ್ಲದ್ದರಿಂದ (ಮೈಕ್ ಕೇಬಲ್ಲಿನ ಹಾಗೆ ಗದ್ದಲ ರದ್ದು ಮಾಡುವ ಎರಡು ತಂತಿ ಇಲ್ಲದ್ದರಿಂದ) ಒಳಗೆ ಬರುತ್ತಿದೆ. ರೆಕಾರ್ಡ್ ಮಾಡುವಷ್ಟು ಹೊತ್ತು ಬ್ಯಾಟರಿಯಲ್ಲಿ ಓಡಿಸಿ.

ನಿಜ ಹೇಳಬೇಕೆಂದರೆ ಪಿಕಪ್ಪನ್ನು ಬಿಟ್ಟು ಗಿಟಾರಿಗೂ ಅದೇ ಮೈಕ್ ಇಡಿ. ಹನ್ನೆರಡನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಎದುರು 20ರಿಂದ 30 ಸೆಂ.ಮೀ. ದೂರ. ನಾದರಂಧ್ರದ ಎದುರು ಇಟ್ಟರೆ ಬರೀ ಗುಡುಗು. ಮತ್ತೆ, ನಾನು ಮೊದಲು ಕಂಡೆನ್ಸರ್ ಕೊಳ್ಳಿ ಅಂದದ್ದು ದುಡುಕಿ, ಹಳೇಕಿವಿ ಹೇಳಿದ ಕ್ರಮವೇ ಸರಿ.

ನಿಶ್ಶಬ್ದ

ಸಿಡಿತದಲ್ಲಿ ಎರಡು ಜಾತಿ, ಮದ್ದೂ ಬೇರೆ ಬೇರೆ. ಸಿಡಿದ ಜಾಗವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಅಲೆಯ ನೆತ್ತಿ ಕತ್ತರಿಯಿಂದ ಕತ್ತರಿಸಿದ ಹಾಗೆ ಚಪ್ಪಟೆಯಿದ್ದರೆ ಅದು ಕ್ಲಿಪ್ಪಿಂಗ್, ಗೇನ್ ಇಳಿಸಿ. ನೆತ್ತಿ ದುಂಡಗಿದ್ದು ಅಲೆ ಥಟ್ಟನೆ ತುಂಡಾಗಿ ಬೇರೆಡೆಯಿಂದ ಶುರುವಾದರೆ ನಡುವಿನ ಮಾದರಿಗಳು ಕಳೆದುಹೋಗಿವೆ.

ಕಳೆಯುವುದು ಹೀಗೆ. ಕಂಪ್ಯೂಟರ್ ಧ್ವನಿಯನ್ನು ಬೊಗಸೆ ಬೊಗಸೆಯಾಗಿ ಎತ್ತಿಕೊಳ್ಳುತ್ತದೆ, ಆ ಬೊಗಸೆಯೇ ಬಫರ್. ಸೆಕೆಂಡಿಗೆ 48,000 ಮಾದರಿಯಲ್ಲಿ 256ರ ಬಫರ್ ಅಂದರೆ 5.3 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರೊಸೆಸರ್ ಬಂದು ಬೊಗಸೆ ಖಾಲಿ ಮಾಡಬೇಕು. ವೈಫೈ ಡ್ರೈವರ್, ವಿದ್ಯುತ್ ಉಳಿತಾಯದ ಸೆಟ್ಟಿಂಗ್, ಹಿಂದೆ ತೆರೆದಿಟ್ಟ ಬ್ರೌಸರ್, ಯಾವುದಾದರೂ ಅದನ್ನು ತಡೆದರೆ ಚೆಲ್ಲಿಹೋಗುತ್ತದೆ. ರೆಕಾರ್ಡ್ ಮಾಡುವಾಗ ಬಫರನ್ನು ದೊಡ್ಡದು ಮಾಡಿ. ನಿಮ್ಮದೇ ದನಿ ಕೇಳಿಸಿಕೊಳ್ಳಲು ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಇದೆ, ಅದು ಕಂಪ್ಯೂಟರಿನೊಳಗೆ ಹೋಗಿ ಬರುವುದಿಲ್ಲ, ಹಾಗಾಗಿ ಬಫರ್ ಎಷ್ಟಿದ್ದರೂ ತಡವಾಗುವುದಿಲ್ಲ. ಇಂಟರ್‌ಫೇಸನ್ನು ಹಬ್‌ಗೆ (ಒಂದು ಯುಎಸ್‌ಬಿ ತೂತನ್ನು ಹಲವು ಮಾಡುವ ಸಾಧನ) ಚುಚ್ಚಿದ್ದೀರಾ? ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ. ಆಪರೇಟಿಂಗ್ ಸಿಸ್ಟಮ್‌ನಲ್ಲೂ ಆಡಾಸಿಟಿಯಲ್ಲೂ ಒಂದೇ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಮಾದರಿ ಅನ್ನುವ ಅಂಕಿ) ಇದೆಯಾ ನೋಡಿ, ಒಂದು ಕಡೆ 44,100 ಇನ್ನೊಂದು ಕಡೆ 48,000 ಇದ್ದರೂ ಗೊಂದಲ ಹುಟ್ಟುತ್ತದೆ.

ಮಂದ್ರಸ್ಥಾಯಿ

ಹಾಗಿದ್ದರೆ 96,000ಕ್ಕೇ ಇಟ್ಟುಬಿಡಬಹುದಲ್ಲ? ಗುಣಮಟ್ಟವೂ ಹೆಚ್ಚುತ್ತದೆ.

ನಿಶ್ಶಬ್ದ

ನನಗೆ ಒಪ್ಪಿಗೆಯಿಲ್ಲ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಜ್‌ವರೆಗೆ ಕೇಳುತ್ತದೆ, 44,100 ಮಾದರಿಗೇ ಅದು ದಕ್ಕುತ್ತದೆ. 96,000ಕ್ಕೆ ಇಟ್ಟರೆ ಪ್ರೊಸೆಸರಿಗೂ ಡಿಸ್ಕಿಗೂ ಎರಡು ಪಟ್ಟು ಹೊರೆ. ಸಿಡಿತದಿಂದ ಬಳಲುತ್ತಿರುವವರಿಗೆ ಅದನ್ನು ಹೇಳಬಾರದು. ಸಿ.ಡಿ.ಗೆ 44,100, ವಿಡಿಯೊಗೆ 48,000, ಇಷ್ಟು ಸಾಕು.

ಕೊಳಲುಸಿರು

ಕೊಡದ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಇದರಲ್ಲಿ ಒಂದು ವರ್ಷ ಕಳೆದವಳು. ಕೊಳಲು ನುಡಿಸುತ್ತೇನೆ. ಎಷ್ಟು ಮೈಕ್ ಬದಲಿಸಿದರೂ ನನ್ನ ಕೊಳಲು ಸ್ನಾನದ ಕೋಣೆಯಲ್ಲಿ ನುಡಿಸಿದ ಹಾಗೇ ಇತ್ತು.

ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟ್ರ್‌ರ್‌’ ಅಂತ ನಡುಗುವ ಬಾಲ ಕೇಳಿದರೆ ಎರಡು ಬೋಳು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುತ್ತಿದೆ. ಅದು ಕಿವಿಗೆ ಸಿಗುವ ತೊಂದರೆ. ಕಿವಿಗೆ ಪ್ರತಿಧ್ವನಿಯಾಗಿ ಸಿಗದ ತೊಂದರೆ ಮೇಜಿನದು. ಮೈಕ್ ಮೇಜಿನ ಮೇಲಿದ್ದರೆ ದನಿ ನೇರವಾಗಿಯೂ ಬರುತ್ತದೆ, ಮೇಜಿಗೋ ಪಕ್ಕದ ಗೋಡೆಗೋ ಬಡಿದೂ ಬರುತ್ತದೆ. ಸುತ್ತಿ ಬಂದ ದಾರಿ ಒಂದು ಮೀಟರ್ ಹೆಚ್ಚಿದ್ದರೆ ಸುಮಾರು 3 ಮಿಲಿಸೆಕೆಂಡ್ ತಡ. ಆ ತಡಕ್ಕೆ 170, 515, 860 ಹರ್ಟ್ಜ್ ಆಸುಪಾಸಿನ ಕಂಪನಗಳು ಒಂದನ್ನೊಂದು ತಿಂದುಹಾಕುತ್ತವೆ, ನಡುವಿನವು ಉಬ್ಬುತ್ತವೆ. ಬಾಚಣಿಗೆಯ ಹಲ್ಲಿನ ಹಾಗೆ ದನಿಯಲ್ಲಿ ಸಂದುಗಳು. ಪ್ರತಿಧ್ವನಿ ಅಂತ ಅನ್ನಿಸುವುದೇ ಇಲ್ಲ, ಡಬ್ಬದೊಳಗಿನ ದನಿ ಅನ್ನಿಸುತ್ತದೆ. ಈಕ್ವಲೈಜರಿನಿಂದ ಆ ಸಂದುಗಳನ್ನು ತುಂಬಲು ಹೋಗಿ ನಾನು ಎಷ್ಟೋ ರಾತ್ರಿ ಕಳೆದಿದ್ದೇನೆ, ಬಾಯಿ ಮೈಕಿನ ಮುಂದೆ ಒಂದು ಗೇಣು ಅಲ್ಲಾಡಿದರೆ ಸಂದುಗಳೂ ಜಾಗ ಬದಲಿಸುತ್ತವೆ.

ಮೈಕನ್ನು ಸ್ಟ್ಯಾಂಡಿಗೆ ಹಾಕಿ ಮೇಜಿನಿಂದ ದೂರ ತನ್ನಿ. ಕಾರ್ಡಿಯಾಯ್ಡ್ ಮೈಕಿಗೆ ಹಿಂದಿನಿಂದ ಬರುವುದು ಅಷ್ಟು ಕೇಳುವುದಿಲ್ಲ, ಮುಂದಿನಿಂದ ಬರುವುದೆಲ್ಲ ಕೇಳುತ್ತದೆ. ಮೈಕಿನ ಮುಂದಿರುವುದು ನಿಮ್ಮ ಬಾಯಿ ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆ. ಹಾಗಾಗಿ ದಪ್ಪ ಕಂಬಳಿಯನ್ನು ಮೈಕಿನ ಹಿಂದೆ ಹಾಕುವುದಕ್ಕಿಂತ ಹಾಡುವವರ ಬೆನ್ನ ಹಿಂದೆ ತೂಗುಹಾಕಿ. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ತೂಗಿದರೆ ಇನ್ನೂ ತಗ್ಗಿನ ಸ್ವರಗಳನ್ನು ಹೀರುತ್ತದೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಕೊಟ್ಟು ನಿಂತರೂ ಆದೀತು, ನಾನು ಈಗಲೂ ಹಾಗೇ ನುಡಿಸುವುದು. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಹೊಡೆಯಬೇಡಿ, ತೆಳು ರಟ್ಟು ಹೀರುವುದು ಅತ್ಯಲ್ಪ.

ಮಂದ್ರಸ್ಥಾಯಿ

ಉಳಿದ ಹಿಸ್ಸಿಗೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಇದ್ದೇ ಇದೆ. ಹಾಡುವ ಮೊದಲು ಐದು ಸೆಕೆಂಡು ಸುಮ್ಮನೆ ರೆಕಾರ್ಡ್ ಮಾಡಿ, ಅದನ್ನು ಗದ್ದಲದ ಮಾದರಿಯಾಗಿ ತೋರಿಸಿ.

ಹಳೇಕಿವಿ

ಐದು ಸೆಕೆಂಡು ಮೌನ ರೆಕಾರ್ಡ್ ಮಾಡುವುದು ಒಳ್ಳೆಯ ಅಭ್ಯಾಸ. ಬಳಸುವುದಾದರೆ 6 ಡೆಸಿಬೆಲ್ ದಾಟಬೇಡಿ. ಜಾಸ್ತಿ ಎಳೆದರೆ ಸ್ವರದ ಬಾಲದಲ್ಲಿ ನೀರಿನೊಳಗೆ ಗುಳುಗುಳು ಅಂದ ಹಾಗೆ ಕೇಳುತ್ತದೆ. ಹೊಸರಾಗ ಯಾವ ರೋಗದಿಂದ ಬಿಡಿಸಿಕೊಂಡು ಬಂದರೋ ಅದೇ ರೋಗ ಮತ್ತೆ. ಸ್ವಲ್ಪ ಹಿಸ್ ಇರುವ ಜೀವಂತ ದನಿಯನ್ನು ಜನ ಕೇಳುತ್ತಾರೆ.

ಮಂದ್ರಸ್ಥಾಯಿ

ಮಾತಿನ ರೆಕಾರ್ಡಿಂಗಿಗೆ ನಾನು 12ರವರೆಗೂ ಬಳಸುತ್ತೇನೆ, ತೊಂದರೆ ಕಂಡಿಲ್ಲ. ಹಾಡಿಗೆ ನಿಮ್ಮ ಮಾತು ಇರಲಿ.

ಹೊಸರಾಗ (ನಾಲ್ಕು ದಿನದ ಮೇಲೆ)

ಒಂದೊಂದಾಗಿ ಮಾಡಿದೆ, ಒಂದು ಬದಲಾವಣೆಗೆ ಒಂದು ರೆಕಾರ್ಡಿಂಗ್, ಎಲ್ಲ ಇಟ್ಟುಕೊಂಡಿದ್ದೇನೆ. ಸಿಡಿತಕ್ಕೆ ಕಾರಣ ಹಬ್. ಹೊರಗಿನ ಹಾರ್ಡ್‌ಡಿಸ್ಕೂ ಅದಕ್ಕೇ ಚುಚ್ಚಿತ್ತು. ನೇರ ಚುಚ್ಚಿದ ಮೇಲೆ 40 ನಿಮಿಷದಲ್ಲಿ ಒಂದೂ ಸಿಡಿತವಿಲ್ಲ. ಚಾರ್ಜರ್ ಕಿತ್ತರೆ ಗುಂಯ್ ನಿಂತಿತು, ಆದರೂ ಕೊನೆಗೆ ಗಿಟಾರಿಗೂ ಮೈಕನ್ನೇ ಇಟ್ಟೆ, ಅದರ ಮರದ ದನಿ ಪಿಕಪ್ಪಿನಲ್ಲಿ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೆನ್ನ ಹಿಂದಿನ ಕಂಬಳಿ. ನಂಬಲು ಆಗಲಿಲ್ಲ, ತೆಗೆದು ಹಾಕಿ ಮೂರು ಬಾರಿ ನೋಡಿದೆ. ಕೊಳಲುಸಿರು, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ.

ಕೊನೆಯ ಪ್ರಶ್ನೆ. ಮೊದಲು ಗಿಟಾರ್ ರೆಕಾರ್ಡ್ ಮಾಡಿ, ಅದನ್ನು ಕೇಳುತ್ತ ದನಿ ಸೇರಿಸುತ್ತೇನೆ. ಹಾಡುವಾಗ ತಾಳಕ್ಕೆ ಸರಿಯಿರುತ್ತದೆ, ಆಮೇಲೆ ಎರಡನ್ನೂ ಹಾಕಿದರೆ ದನಿ ಗಿಟಾರಿಗಿಂತ ಒಂಚೂರು ಮುಂಚೆಯೇ ಬಂದಿರುತ್ತದೆ.

ನಿಶ್ಶಬ್ದ

ದನಿ ಕಂಪ್ಯೂಟರಿನೊಳಗೆ ಹೋಗಿ ಬರುವಾಗ ಆಗುವ ತಡವನ್ನು ಸರಿದೂಗಿಸುವ ಅಂಕಿ ನಿಮ್ಮ ಯಂತ್ರಕ್ಕೆ ಹೊಂದಿಲ್ಲ. ಆಡಾಸಿಟಿ ಹೊಸ ಟ್ರ್ಯಾಕನ್ನು ತಾನಾಗಿ 130 ಮಿಲಿಸೆಕೆಂಡ್ ಮುಂಚಿನ ಹೊತ್ತಿಗೆ ಸರಿಸುತ್ತದೆ, ಪ್ರಿಫರೆನ್ಸಸ್‌ನ ಆಡಿಯೊ ಪುಟದಲ್ಲಿ ಮೈನಸ್ 130 ಅಂತ ಇರುತ್ತದೆ. ನಿಮ್ಮ ನಿಜವಾದ ವಿಳಂಬ ಅದಕ್ಕಿಂತ ಕಡಿಮೆ. ಒಂದು ಟ್ರ್ಯಾಕಿನಲ್ಲಿ ಟಿಕ್ ಟಿಕ್ ತಾಳ ಮಾಡಿಸಿ, ಹೆಡ್‌ಫೋನಿನ ಒಂದು ಬಟ್ಟಲನ್ನು ಮೈಕಿಗೆ ಒತ್ತಿ ಹಿಡಿದು ಎರಡನೇ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಎರಡು ಟಿಕ್‌ಗಳ ಅಂತರ ಅಳೆಯಿರಿ. ಎರಡನೆಯದು 40 ಮಿಲಿಸೆಕೆಂಡ್ ಮುಂಚೆ ಬಂದಿದ್ದರೆ ಮೈನಸ್ 130 ತೆಗೆದು ಮೈನಸ್ 90 ಹಾಕಿ. ಬಫರ್ ಬದಲಿಸಿದರೆ ಮತ್ತೆ ಅಳೆಯಬೇಕು.

ಹೊಸರಾಗ

ಅಳೆದೆ. ಅಂತರ 52 ಬಂತು, ಮೈನಸ್ 78 ಹಾಕಿದೆ. ಈಗ ಟಿಕ್ ಮೇಲೆ ಟಿಕ್ ಕೂರುತ್ತಿದೆ. ಇಂದು ರಾತ್ರಿ ಮೊದಲ ಹಾಡನ್ನು ಹೊಸದಾಗಿ ಹಾಡಿ ನಾಳೆ ಇಲ್ಲೇ ಹಾಕುತ್ತೇನೆ, ಗದ್ದಲ ತೆಗೆಯದೆ, ಇದ್ದ ಹಾಗೆ. ಕೇಳಿ ಹೇಳಿ.